ಬೂದಿ ಬಣ್ಣದ ಪಾಯಸ

ಆ ಶುಕ್ರವಾರದ ರಗಳೆಗೆಲ್ಲ ಕಾರಣ ನಿಂಬೆಹಣ್ಣಿನ ಗಾತ್ರದ ಒಂದು ಬಟ್ಟೆಗಂಟು.

ಊರಲ್ಲಿ ರಜೆ ಮುಗಿಸಿ ಸೌದಿಯ ಜಿದ್ದಾಕ್ಕೆ ಮರಳಿದ ಮೋನು ಬೆಳಿಗ್ಗೆಯೇ ಬಂದು ಅದನ್ನು ಬಾಗಿಲಲ್ಲಿ ಗುರುದತ್ತನ ಕೈಗಿಟ್ಟ. "ನಿಮ್ಮ ಅಮ್ಮ ಕೊಟ್ಟದ್ದು, ಗುರುದತ್ತಣ್ಣ. ಒಂದು ಮಾತೂ ಹೇಳಿ ಕಳಿಸಿದ್ದಾರೆ. ಸಂಜೆ ಬಂದು ಕೂತು ಹೇಳ್ತೇನೆ," ಎಂದ. ಕೆಳಗೆ ಗಾಡಿಯವನು ಹಾರ್ನಿನ ಮೇಲೆ ಕುಳಿತೇ ಬಿಟ್ಟವನಂತೆ ಒತ್ತುತ್ತಿದ್ದ. ಮೋನು ಮೆಟ್ಟಿಲಿಳಿದು ಓಡಿದ.

ಮೋನುವಿನ ಕೈಗೆ ಗಂಟು ಕೊಟ್ಟ ಮರುವಾರವೇ ಅಮ್ಮ ಕಾರ್ಕಳದಲ್ಲಿ ತೀರಿಹೋಗಿದ್ದರು. ಗುರುದತ್ತನ ಪಾಸ್‌ಪೋರ್ಟು ಕೆಲಸಕ್ಕೆ ಕರೆಸಿಕೊಂಡ ಧಣಿಯ, ಅಂದರೆ ಕಫೀಲನ, ಕಪಾಟಿನಲ್ಲಿತ್ತು, ಕಪಾಟಿನ ಬೀಗದಕೈ ಕಫೀಲನ ಜೇಬಿನಲ್ಲಿತ್ತು, ಕಫೀಲ ಸೆಕೆ ತಾಳಲಾರದೆ ತಾಯಿಫಿನ ಬೆಟ್ಟ ಹತ್ತಿದ್ದ. ಅವನು ಇಳಿದು ಬರುವಷ್ಟರಲ್ಲಿ ಊರಲ್ಲಿ ಹದಿಮೂರನೆಯ ದಿನದ ಊಟವೂ ಮುಗಿದಿತ್ತು. ಅಂದಿನಿಂದ ಗುರುದತ್ತನಿಗೆ ನಿದ್ದೆ ಇಲ್ಲ. ಅತ್ತದ್ದೂ ಇಲ್ಲ. ಮೂರು ಮಂಚಗಳ ಆ ಕೋಣೆಯಲ್ಲಿ ಅಳಲಿಕ್ಕೆ ಬೇರೆ ಜಾಗವಿರಲಿಲ್ಲ.

ಗಂಟು ಬಿಚ್ಚಿದರೆ ಒಳಗೆ ಬೂದಿ ಬಣ್ಣದ ಸಣ್ಣ ಸಣ್ಣ ಕಾಳು.

"ಮುಚ್ಚು ಮಾರಾಯ, ಮುಚ್ಚು," ಎಂದು ಪಕ್ಕದ ಮಂಚದಿಂದ ಮುನವ್ವರ್ ಎದ್ದು ಕುಳಿತ. "ಗಸಗಸೆ ಅದು."

ಕಾಪುವಿನ ಮುನವ್ವರ್ ಜಿದ್ದಾಕ್ಕೆ ಹಳಬ. ಹೊಸಬರಿಗೆ ಬುದ್ಧಿ ಹೇಳದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಇಲ್ಲಿರಲು ಕೊಟ್ಟ ಪರವಾನಗಿ ಕಾರ್ಡು, ಇಕಾಮಾ, ಜೇಬಲ್ಲಿಟ್ಟು ಶರ್ಟು ಒಗೆಯಬೇಡಿ. ಬಾಂಗ್ ಕೊಡುವ ಹೊತ್ತಿಗೆ ಅಂಗಡಿಗೆ ಹೋಗಬೇಡಿ, ನಮಾಜು ಮುಗಿಯುವವರೆಗೆ ಶಟರಿನ ಮುಖ ನೋಡುತ್ತಾ ನಿಲ್ಲಬೇಕಾದೀತು. ಊರಿಂದ ಒಂದೇ ನಮೂನೆಯದ್ದು ಎರಡು ತರಬೇಡಿ, ಒಂದಾದರೆ ಸ್ವಂತಕ್ಕೆ, ಎರಡಾದರೆ ವ್ಯಾಪಾರ ಎಂದು ಕಸ್ಟಮ್ಸಿನವರು ಹಿಡಿಯುತ್ತಾರೆ. ಗಸಗಸೆಯಂತೂ ತರಲೇಬೇಡಿ, ಅಫೀಮಿನ ಗಿಡದ ಬೀಜ ಅದು, ಊರಲ್ಲಿ ಪಾಯಸ, ಇಲ್ಲಿ ಜೈಲು.

"ಗಸಗಸೆ ಬಿಳಿ ಇರಲ್ವಾ?" ಎಂದು ಕೇಳಿದ ಮೂರನೆಯ ಮಂಚದ ನಾಗಾರ್ಜುನ. ಅವನು ಬೆಂಗಳೂರಿನವನು, ಯಾವ ಪ್ರಶ್ನೆಯನ್ನೂ ಮಲಗಿಕೊಂಡೇ ಕೇಳುತ್ತಿದ್ದ.

"ಬಿಳಿಯೂ ಉಂಟು, ಕಪ್ಪೂ ಉಂಟು, ಇಂಥದ್ದೂ ಉಂಟು. ನೀನು ನೋಡಿದ್ದೀಯಾ?"

ನಾಗಾರ್ಜುನ ನೋಡಿರಲಿಲ್ಲ. ಗುರುದತ್ತನೂ ನೋಡಿರಲಿಲ್ಲ. ಮುನವ್ವರನೂ ಅದನ್ನು ಕಂಡದ್ದು ಅರೆದು ಸಾರಿಗೆ ಹಾಕಿದ ಮೇಲೆಯೇ. ಆದರೆ ಆ ಸಂಗತಿಯನ್ನು ಅವನು ಹೇಳಲಿಲ್ಲ.

"ಅಮ್ಮ ಕೊಟ್ಟದ್ದು, ಇದೊಂದೇ ಉಳಿದದ್ದು," ಎಂದ ಗುರುದತ್ತ.

"ನಿನ್ನ ಅಮ್ಮನ ಮೇಲಿನ ಗೌರವಕ್ಕೇ ಹೇಳುದು. ಮಗ ಜೈಲಲ್ಲಿ ಕೂತರೆ ಅವರಿಗೆ ಮೇಲೆ ಸಮಾಧಾನ ಆಗ್ತದಾ?"

ಒಂದು ಚಿಟಿಕೆ ಕಾಳನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟರು. ನೀರು ಹೋಯಿತು. ಕಾಳು ಮಾತ್ರ ನೆಂಟರ ಹಾಗೆ ತಿರುಗಿ ಬಂದು ಮೇಲೆ ತೇಲಿತು. ಮತ್ತೆ ಬಿಟ್ಟರು, ಮತ್ತೆ ಬಂತು.

ಹೊರಗೆ ಎಸೆಯುವುದೆಂದು ಗುರುದತ್ತ ಗಂಟನ್ನು ಬನಿಯನ್ನಿನೊಳಗೆ ಸೇರಿಸಿ ಕೆಳಗಿಳಿದ. ಕಟ್ಟಡದ ಕಾವಲಿನ ಈಜಿಪ್ಟಿನ ಮುದುಕ ಕಸದ ತೊಟ್ಟಿಯ ಪಕ್ಕವೇ ಕುರ್ಚಿ ಹಾಕಿಕೊಂಡು, ಪ್ರತಿ ಚೀಲವನ್ನೂ ಬಿಚ್ಚಿ ಖಾಲಿ ಡಬ್ಬ ಆರಿಸುತ್ತಿದ್ದ. ಗುರುದತ್ತ ಎದೆ ಹಿಡಿದುಕೊಂಡು ನಿಂತದ್ದು ನೋಡಿ ಅವನಿಗೆ ಕನಿಕರ ಹುಟ್ಟಿತು. ಕೂರಿಸಿದ, ಚಹಾ ಕೊಟ್ಟ, ಎದೆ ನೀವಲಿಕ್ಕೆ ಕೈ ಚಾಚಿದ. ಅದೇ ಹೊತ್ತಿಗೆ ರೊಟ್ಟಿ ಅಂಗಡಿಯ ಮುಂದೆ ಪೊಲೀಸ್ ಗಾಡಿ ನಿಂತಿತು. ಪೊಲೀಸನಿಗೆ ಬೇಕಾದದ್ದು ರೊಟ್ಟಿ. ಗುರುದತ್ತ ಅದನ್ನು ವಿಚಾರಿಸಲು ನಿಲ್ಲದೆ ಮೆಟ್ಟಿಲು ಹತ್ತಿ ಓಡಿದ.

"ತಿಂದ್ಬಿಡೋಣ ಗುರೂ," ಎಂದ ನಾಗಾರ್ಜುನ. "ಪಾಯಸ ಮಾಡು. ಹೊಟ್ಟೆ ಒಳಗಿರೋದನ್ನ ಯಾರು ಹುಡುಕ್ತಾರೆ? ನಿಂಗೆ ನಿದ್ದೆನೂ ಬರುತ್ತೆ."

ಈ ಮಾತು ಗುರುದತ್ತನಿಗೂ ಹಿಡಿಸಿತು. ಕಸಕ್ಕೆ ಹಾಕುವುದಕ್ಕಿಂತ ಅಮ್ಮ ಕೊಟ್ಟದ್ದನ್ನು ಉಣ್ಣುವುದು ಮೇಲು. ಹಾಲಿನಪುಡಿ ಕಲಸಿ, ಸಕ್ಕರೆ ಹಾಕಿ, ಕಾಳನ್ನೆಲ್ಲ ಸುರಿದು ಕುದಿಸಿದರು. ಪಾಯಸ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತಿತ್ತು, ನಾಲಿಗೆಗೆ ಬೂದಿಯ ರುಚಿ. ಯಾರೂ ಹೆಸರಿಡಲಿಲ್ಲ. ಸತ್ತವರ ಕಡೆಯ ಪಾಯಸ. ಗುರುದತ್ತ ಪಾತ್ರೆಯನ್ನೂ ಬೆರಳಿನಿಂದ ಬಳಿದು ತಿಂದ. ಮುನವ್ವರ್ ಬಟ್ಟೆಯನ್ನು ಡೆಟಾಲಿನಲ್ಲಿ ಅದ್ದಿ ತೊಳೆದು ಒಣಗಲು ಹಾಕಿದ.

ನಾಗಾರ್ಜುನ ಕೂಡಲೇ ಗೊರಕೆ ಹೊಡೆದ. "ನೋಡು, ಅಪ್ಪಟ ಮಾಲು," ಎಂದು ಆಕಳಿಸಿ ಮುನವ್ವರನೂ ಉರುಳಿದ. ಗುರುದತ್ತ ಕಣ್ಣು ಮುಚ್ಚಿ ಕಾದ. ಅವನಿಗೆ ಮಾತ್ರ ನಿದ್ದೆ ಬರಲಿಲ್ಲ.

ಸಂಜೆ ಮೋನು ಬಂದ. ಕೈಯಲ್ಲಿ ಹಾಲಿನಪುಡಿಯ ಹಳೆಯ ಡಬ್ಬ, ಅದರ ತುಂಬ ಮಣ್ಣು.

"ಅಮ್ಮನ ಮಾತು ಹೇಳ್ಲಿಕ್ಕುಂಟು ಅಂದಿದ್ದೆ ಅಲ್ವಾ," ಎಂದು ಕುಳಿತ. "ಹುಳ ಹಿಡೀಬಾರ್ದು ಅಂತ ಬೂದಿ ಕಲಸಿದ್ದೇನೆ, ಕೊಡವಿ ಬಿತ್ಲಿಕ್ಕೆ ಹೇಳು ಅಂದ್ರು."

"ಎಂತ ಬಿತ್ತುದು?" ಎಂದ ಗುರುದತ್ತ.

"ಹರಿವೆ ಬೀಜ. ಇಲ್ಲಿ ನಮ್ಮ ಹರಿವೆ ಸೊಪ್ಪು ಸಿಗುದಿಲ್ಲ ಅಂತ ನೀವೇ ಫೋನಲ್ಲಿ ಬೇಜಾರು ಮಾಡಿದ್ರಂತೆ. ನಿಮ್ಮ ಹಿತ್ತಲಿನದ್ದೇ. ಒಮ್ಮೆ ಬೆಳೆದ್ರೆ ಅದರದ್ದೇ ಬೀಜ, ಮತ್ತೆ ಹಾಕ್ತಾ ಇರ್ಬಹುದು, ಮುಗಿಯುದೇ ಇಲ್ಲ ಅಂದ್ರು."

ಎದ್ದು ಕುಳಿತಿದ್ದ ಮುನವ್ವರ್ ಗೋಡೆಯ ಕಡೆ ತಿರುಗಿದ. ಹಗ್ಗದ ಮೇಲೆ ಬಟ್ಟೆ ಚೊಕ್ಕವಾಗಿ ಒಣಗುತ್ತಿತ್ತು. ಗುರುದತ್ತ ಅದರ ಹೊಲಿಗೆಯನ್ನೆಲ್ಲ ಉಗುರಿನಿಂದ ಬಿಡಿಸಿ ನೋಡಿದ. ಒಂದು ಕಾಳೂ ಇರಲಿಲ್ಲ.

"ತಿಂದುಬಿಟ್ಟೆವು," ಎಂದ.

ಮೋನು ಮಣ್ಣಿನ ಡಬ್ಬವನ್ನು ಕೆಳಗಿಟ್ಟ. "ಅಮ್ಮನಿಗೆ ನಿಮ್ಮ ಗುಣ ಗೊತ್ತಿತ್ತು ಮಾರಾಯ್ರೆ. 'ಅವನು ಯಾರ್ಯಾರದ್ದೋ ಮಾತು ಕೇಳಿ ಇದನ್ನು ಹಾಳು ಮಾಡ್ತಾನೆ. ಹಾಳು ಮಾಡಿದ ಮೇಲೆ ಕೊಡು' ಅಂತ ಇಂಥದ್ದೇ ಇನ್ನೊಂದು ಗಂಟು ಕೊಟ್ಟಿದ್ರು."

ಗುರುದತ್ತ ಬಟ್ಟೆಯನ್ನು ಬಿಟ್ಟು ಅವನ ಹತ್ತಿರ ಬಂದ. "ಎಲ್ಲುಂಟು?"

"ಬೊಂಬಾಯಿ ಏರ್‌ಪೋರ್ಟಿನ ಕಸದ ಬುಟ್ಟಿಯಲ್ಲಿ." ಮೋನು ತಲೆ ತಗ್ಗಿಸಿದ. "ಒಂದೇ ನಮೂನೆಯದ್ದು ಎರಡಿದ್ರೆ ವ್ಯಾಪಾರ ಅಂತ ಹಿಡೀತಾರೆ ಅಂತ ನಾನು ಊರಿಗೆ ಹೊರಡುವಾಗಲೇ ಮುನವ್ವರ್‌ಭಾಯಿ ಹೇಳಿದ್ರಲ್ಲ."

ಗುರುದತ್ತ ಮಣ್ಣಿನ ಡಬ್ಬವನ್ನು ಎತ್ತಿ ಕಿಟಕಿಯ ಅಂಚಿನಲ್ಲಿಟ್ಟ. ಒಂದು ಲೋಟ ನೀರು ತಂದು ನಿಧಾನವಾಗಿ ಸುತ್ತಲೂ ಹಾಕಿದ. ಉಳಿದವರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಅಲುಗುತ್ತಿತ್ತು.

ಮುನವ್ವರ್ ಆದಷ್ಟು ಹೊತ್ತು ಬಾಯಿ ಬಿಗಿಹಿಡಿದು ಕುಳಿತ. ಕೊನೆಗೆ ತಡೆಯಲಾರದೆ, ಮೆಲ್ಲಗೆ ಹೇಳಿದ:

"ದಿನಾ ಹಾಕ್ಬೇಡ ಮಾರಾಯ. ಬೇರು ಕೊಳೀತದೆ."