ಹಾಲಸ್ವಾಮಿ ಮೇಷ್ಟ್ರ ಅಂಚೆ ಓಟು

ನಗರಸಭೆ ಚುನಾವಣೆಯ ಡ್ಯೂಟಿ ಬಿದ್ದಾಗ ಹಾಲಸ್ವಾಮಿ ಮೇಷ್ಟ್ರು ಉಳಿದವರಂತೆ ಹಣೆ ಚಚ್ಚಿಕೊಳ್ಳಲಿಲ್ಲ. ಹೆಂಡತಿ ಪದ್ಮಮ್ಮನಿಗೆ ಪಾಯಸ ಮಾಡಲು ಹೇಳಿದರು!

ಭದ್ರಾವತಿಯ ಅವರ ವಾರ್ಡಿನಲ್ಲಿ ನಿಂತಿದ್ದವರು ಇಬ್ಬರೇ. ಒಬ್ಬರು ಮನೆ ಮಾಲೀಕ ಷಡಕ್ಷರಪ್ಪ, ಇನ್ನೊಬ್ಬರು ಮೇಷ್ಟ್ರ ಅನುದಾನಿತ ಶಾಲೆಯ ಅಧ್ಯಕ್ಷ ಭೈರಪ್ಪ. ಅವರು ಮುನಿದರೆ ತಲೆ ಮೇಲಿನ ಸೂರು ಹೋಗುತ್ತದೆ, ಇವರು ಮುನಿದರೆ ಕೈಗೆ ಬಂದ ಹೆಡ್‌ಮಾಸ್ಟರ್ ಹುದ್ದೆ. ಪುಕ್ಕಲು ಮೇಷ್ಟ್ರು ಇಬ್ಬರಿಗೂ "ನನ್ನ ಓಟು ನಿಮಗೇ" ಎಂದುಬಿಟ್ಟಿದ್ದರು. ಮತದಾನದ ದಿನ ಕಾರು ಕಳಿಸುತ್ತೇವೆಂದು ಇಬ್ಬರೂ ಹೇಳಿದ್ದರು. ಯಾರ ಕಾರು ಹತ್ತಿದರೂ ಬಣ್ಣ ಬಯಲು.

"ಆವತ್ತು ನಂಗೆ ಶಿವಮೊಗ್ಗದ ಆಲ್ಕೊಳದಲ್ಲಿ ಡ್ಯೂಟಿ ಮಾರಾಯ್ತಿ! ಓಟು ಪೋಸ್ಟಲ್ಲಿ. ಕ್ಯೂ ಇಲ್ಲ, ಕಾರಿಲ್ಲ. ಯಾರಿಗೆ ಹಾಕ್ದೆ ಅಂತ ಬ್ರಹ್ಮಂಗೂ ಗೊತ್ತಾಗಲ್ಲ."

"ಬ್ರಹ್ಮನ್ನ ಬಿಡಿ, ಬೀದಿಗೆ ಗೊತ್ತಾಗುತ್ತೆ," ಎಂದರು ಪದ್ಮಮ್ಮ.

ಹಾಗೇ ಆಯಿತು. ಅಂಚೆಯವನು ಸರ್ಕಾರಿ ಲಕೋಟೆ ಕೊಟ್ಟು ಐದು ನಿಮಿಷವಾಗಿಲ್ಲ, ಷಡಕ್ಷರಪ್ಪ ಮಹಡಿ ಇಳಿದು ಬಂದರು.

"ಕಾಗದ ನಾನು ಅಲ್ಲಾಡದ ಹಾಗೆ ಹಿಡ್ಕೊಳ್ತೀನಿ ಮೇಷ್ಟ್ರೇ, ನೀವು ಗುರುತು ಹಾಕಿ."

ಅಷ್ಟರಲ್ಲಿ ಬಾಗಿಲಲ್ಲಿ ಭೈರಪ್ಪ. "ನಮ್ ಸ್ಕೂಲಿನ ಮೇಷ್ಟ್ರಿಗೆ ಹೊಸ ಪೆನ್ ತಂದಿದೀನಿ!"

ಇಬ್ಬರೂ ಹೆಣ್ಣು ನೋಡಲು ಬಂದವರ ಹಾಗೆ ಬೆಂಚಿನ ಎರಡು ತುದಿಯಲ್ಲಿ ಕೂತರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಲಕೋಟೆ ಸಮೇತ ಬಚ್ಚಲಿಗೆ ಓಡಿ ಚಿಲಕ ಹಾಕಿದರು. ಹೊರಬಂದಾಗ ಲಕೋಟೆ ಅಂಟಿಸಿಯಾಗಿತ್ತು.

"ಯಾರಿಗೆ?" ಇಬ್ಬರೂ ಒಟ್ಟಿಗೆ ಕೇಳಿದರು.

"ಕೊಟ್ಟ ಮಾತು ಉಳಿಸ್ಕೊಂಡಿದೀನಿ ಸಾರ್."

ಇಬ್ಬರೂ ಮೀಸೆ ತಿರುವುತ್ತ ಎದ್ದರು. ಲಕೋಟೆ ಅಂಚೆ ಡಬ್ಬಿಗೆ ಬಿದ್ದಾಗ ಮೇಷ್ಟ್ರಿಗೆ ಮಗಳ ಮದುವೆ ಮುಗಿಸಿದಷ್ಟು ಹಗುರವಾಯಿತು. ಸೂರೂ ಉಳಿಯಿತು, ಹುದ್ದೆಯೂ ಉಳಿಯಿತು. ಮುಂದೆ ಎಣಿಕೆಯವರೆಗೂ ಕಣ್ತುಂಬ ನಿದ್ದೆ.

ಎಣಿಕೆ ನೋಡಲು ಅವರು ನಿರಾಳವಾಗಿಯೇ ಹೋದರು. ಅಧಿಕಾರಿ ಮೈಕು ಹಿಡಿದರು: "ಮೊದಲು ಅಂಚೆ ಮತ. ಈ ವಾರ್ಡಿನದು ಬಂದಿರುವುದು ಒಂದೇ."

ಮೇಷ್ಟ್ರು ಮೆಲ್ಲಗೆ ಬಾಗಿಲ ಕಡೆ ಒಂದು ಹೆಜ್ಜೆ ಸರಿದರು.

"ಅದೂ ತಿರಸ್ಕೃತ. ಇಬ್ಬರು ಅಭ್ಯರ್ಥಿಗಳಿಗೂ ಗುರುತು ಹಾಕಿದ್ದಾರೆ. ಬಂದು ನೋಡಬಹುದು."

ಅಭ್ಯರ್ಥಿಗಳು ಹೋಗಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು.

"ಭೈರಪ್ಪನೋರೇ," ಎಂದರು ಷಡಕ್ಷರಪ್ಪ, ಬಲು ಸ್ನೇಹದಿಂದ. "ಮನೆ ನಾನು ಬಿಡಿಸ್ತೀನಿ. ಹೆಡ್‌ಮಾಸ್ಟ್ರು ಹುದ್ದೆ ವಿಷಯ ನೀವು ನೋಡ್ಕೊಳ್ಳಿ."

"ಆಗ್ಲಿ ಮಾರಾಯ್ರೇ," ಎಂದರು ಭೈರಪ್ಪ, ಅವರ ಹೆಗಲ ಮೇಲೆ ಕೈ ಹಾಕಿ. "ಬನ್ನಿ, ಟೀ ಕುಡಿಯೋಣ."