ಯಾವ ಫೈಲು ಯಾರ ಕೈಗೆ

ಫೈಲು ಯಾವುದರಾಗ ತೆರೀಲಿ ಅಂತ ಕಂಪ್ಯೂಟರ್ ಮಂದೀನ ಕೇಳೋತನಕ ನನ್ನ ಹೊಟ್ಟಿಪಾಡಿಗೇನೂ ಕಮ್ಮಿ ಇಲ್ಲ ನೋಡ್ರಿ. ಜಹೀರಾಬಾದ್ ಬಸ್‌ಸ್ಟ್ಯಾಂಡ್ ಹಿಂದ ನಂದು ಆನ್‌ಲೈನ್ ಅರ್ಜಿ ಹಾಕೋ ಅಂಗಡಿ. ರಿಪೇರಿಗಂತ ತಾಂಡೂರಿಗೂ ನಾರಾಯಣಖೇಡಕ್ಕೂ ಹೋಗ್ತೀನಿ. ಒಂದೊಂದು ನಮೂನಿ ಫೈಲಿಗೆ ಒಂದೊಂದು ಸಾಫ್ಟ್‌ವೇರ್ ಗೊತ್ತು ಮಾಡಿರ್ತದ. ಕೇಳಿದಾಗ ಒಮ್ಮೆ 'ಯಾವಾಗಲೂ ಇದರಾಗೇ' ಅಂತ ಒತ್ತಿದ್ರ ಮುಗೀತು, ಆಮ್ಯಾಲ ಅದರದೇ ರಾಜ್ಯಭಾರ. ನನಗ ತಿಳೀಲಾರದ ರೋಗ ಇನ್ನೂ ಹುಟ್ಟಿಲ್ಲ ಅಂತ ಎದಿ ಉಬ್ಬಿಸಿ ತಿರಗಾಂವ ನಾನು.

೧. ಮ್ಯಾಲಿನದು ಮೊದಲು

ತಾಂಡೂರಿನ ಫರಸಿ ಕಲ್ಲಿನ ಸಾವಕಾರರು ಫೋನ್ ಮಾಡಿದ್ರು. "ರೇಟಿನ ಪಟ್ಟಿ ಒತ್ತಿದ್ರ ಹಾಡಿನ ಪೆಟ್ಟಿಗಿ ತೆರೀಲಾಕತ್ಯಾದ. ಮೂರು ದಿನ ಆತು, ಪಟ್ಟಿನೂ ಇಲ್ಲ, ಹಾಡೂ ಇಲ್ಲ."

ಹೋಗಿ ನೋಡಿದೆ. ಪಟ್ಟಿಗೆ ಹಾಡು ಹಚ್ಚೋ ಸಾಫ್ಟ್‌ವೇರ್ ಗಂಟು ಬಿದ್ದಿತ್ತು.

"ಇದನ್ನ ಯಾರು ಆರಿಸಿದ್ರಿ?"

"ನಾನೇ. ಯಾವುದರಾಗ ತೆರೀಲಿ ಅಂತ ಹತ್ತು ಹೆಸರು ತೋರಿಸ್ತು. ಇದು ಎಲ್ಲಾಕಿಂತ ಮ್ಯಾಲಿತ್ತು."

"ಮ್ಯಾಲಿದ್ರ ಒತ್ತಿಬಿಡೋದೇನ್ರಿ?"

ಸಾವಕಾರರಿಗೆ ಸಿಟ್ಟು ಬಂತು. "ನಲವತ್ತು ವರ್ಷ ಫರಸಿ ಮಾರೀನಿ. ಒಟ್ಟಿದ ಕಲ್ಲಿನ್ಯಾಗ ನಡುವಿಂದು ಎಳೆದ್ರ ಕಾಲ ಮ್ಯಾಲ ಬೀಳ್ತದ!"

೨. ಟೀಚರಮ್ಮನ ಪಾಳಿ

ನಾರಾಯಣಖೇಡದ ಒಬ್ಬ ಟೀಚರಮ್ಮನ ಕಂಪ್ಯೂಟರಿನ್ಯಾಗ ಎರಡು ಬ್ರೌಸರ್ ಇದ್ವು. ಎರಡಕ್ಕೂ ಒಂದೇ ಹಟ, 'ನನ್ನನ್ನೇ ಖಾಯಂ ಮಾಡ್ಕೋ' ಅಂತ. ನಾನಾದ್ರ ಒಂದನ್ನ ಕಿತ್ತೊಗೀತಿದ್ದೆ. ಅವರು ಮಾನಿಟರ್ ಬದಿಗೆ ವೇಳಾಪಟ್ಟಿ ಅಂಟಿಸಿದ್ರು. ಸೋಮವಾರ ಒಂದಕ್ಕ ಹೂಂ, ಮಂಗಳವಾರ ಇನ್ನೊಂದಕ್ಕ ಹೂಂ.

"ಇದೇನು ಮೇಡಂ?"

"ಪಾಪ, ದಿನಾ ಕೈ ಎತ್ತಿ ಕೇಳ್ತಾವ. ಒಬ್ಬರಿಗೇ ಕ್ಲಾಸಿನ ಮಾನಿಟರ್ ಪಟ್ಟ ಕೊಟ್ರ ಇನ್ನೊಬ್ಬರು ಅಳೂದಿಲ್ಲೇನು?"

"ಮತ್ತ ರವಿವಾರ?"

"ಸೂಟಿ! ನಾನೇ ಕಂಪ್ಯೂಟರ್ ಹಚ್ಚೂದಿಲ್ಲ."

೩. ರಾಯಿಕೋಡದ ಕಾಕಾ

ಈಗ ನನ್ನ ಮರ್ಯಾದಿ ಹೋದ ಕಥಿ ಕೇಳ್ರಿ.

ರಾಯಿಕೋಡದಾಗ ಕುರಿ ಸಾಕೋ ಕಾಕಾ ಮಗಳನ್ನ ಕರಕೊಂಡು ನನ್ನ ಅಂಗಡಿಗೆ ಬಂದ್ರು. ಹುಡುಗಿಯ ನರ್ಸಿಂಗ್ ಅರ್ಜಿಗೆ ಅವತ್ತೇ ಕಡೀ ದಿನ, ಸಂಜಿ ಐದರತನಕ ಟೈಮು. ಸರ್ಟಿಫಿಕೇಟೆಲ್ಲ ಹಿಂದಿನ ವಾರವೇ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಅಸಲಿ ಕಾಗದ ಊರಾಗ ಇದ್ವು, ಹೋಗಿ ತರೋಷ್ಟು ಹೊತ್ತಿರಲಿಲ್ಲ.

ಸರಿಯಾಗಿ ಅದಾವೇನು ಅಂತ ತೆರದು ನೋಡಾಕ ಹೋದೆ. ಒಂದೂ ತೆರೀಲಿಲ್ಲ! ಎಲ್ಲಾ ಫೈಲಿನ ಹೆಸರಿನ ಬಾಜೂಕಿನ ಗುರ್ತಿನ ಚಿತ್ರ ಬದಲಾಗಿತ್ತು. ಕೆಂಪಗಿದ್ದವೆಲ್ಲ ನೀಲಿ.

"ವೈರಸ್ ಬಂದಾದ ಕಾಕಾ! ಎಲ್ಲಾ ಹಾಳಾಗ್ಯಾವ!" ಅಂದೆ. ಹುಡುಗಿ ಅಳಾಕ ಶುರು ಮಾಡಿದ್ಲು. ಕಂಪ್ಯೂಟರ್ ಪೂರಾ ಅಳಿಸಿ ಹೊಸದಾಗಿ ಮಾಡೋಣಂತ ಕೈ ಹಾಕಿದೆ.

ಕಾಕಾ ಕೈ ಹಿಡಿದ್ರು. "ತಡೀ ತಮ್ಮಾ. ಹೆಸರು ಅವೇ ಅದಾವೇನು?"

"ಅದಾವರಿ."

"ಎಣಿಕಿ?"

"ಅದೂ ಸರಿ ಅದ."

"ಮತ್ತ ಕುರಿ ಎಲ್ಲಿ ಸತ್ತಾವ? ಮೈಮ್ಯಾಲಿನ ಬಣ್ಣ ಅಷ್ಟೇ ಬದಲಾಗ್ಯಾದ. ನಮ್ಮ ಹಿಂಡಿಗೆ ಬ್ಯಾರೆಯವರು ಬಣ್ಣ ಹಚ್ಚಿದ್ರ ನಾವು ಕುರಿ ಕೊಯ್ಯೂದಿಲ್ಲ, ಹಚ್ಚಿದಾಂವನ್ನ ಹುಡುಕ್ತೀವಿ. ನಿನ್ನ ಹಟ್ಟಿಗೆ ಹೊಸಬರು ಯಾರು ಬಂದಿದ್ರು ಹೇಳು."

ಆಗ ನೆನಪಾತು. ಹಿಂದಿನ ದಿನ ಫೋಟೋ ತಿದ್ದೋ ಹೊಸ ಸಾಫ್ಟ್‌ವೇರ್ ಹಾಕಿದ್ದೆ. ಥೂ! ಊರಿಗೆಲ್ಲ ಇದೇ ರೋಗಕ್ಕ ಔಷಧ ಕೊಡಾಂವ ನಾನು, ನನ್ನ ಮನಿಗೆ ಬಂದಾಗ ಗುರ್ತೇ ಹತ್ತಲಿಲ್ಲ. ಫೈಲಿನ ಯಜಮಾನಿಕಿ ಹಳೇ ಸಾಫ್ಟ್‌ವೇರಿಗೆ ವಾಪಸ್ ಕೊಟ್ಟೆ. ಎಲ್ಲಾ ಕೆಂಪಗಾದ್ವು, ಸರ್ಟಿಫಿಕೇಟ್ ಟಪಟಪ ತೆರದ್ವು. ನಾಲ್ಕೂವರಿಗೆ ಅರ್ಜಿ ಹೋತು. ಹುಡುಗಿ ನಕ್ಕಳು, ನನಗೂ ಜೀವ ಬಂದಂಗಾತು.

ಆದ್ರೂ ನನ್ನ ಸಿಟ್ಟು ಇಳೀಲಿಲ್ಲ. "ಎಂಥಾ ಕಳ್ಳ ನೋಡ್ರಿ ಕಾಕಾ ಈ ಸಾಫ್ಟ್‌ವೇರು!"

"ಸುಮ್ಮನ ನುಗ್ಗಿ ಒಯ್ದಿತ್ತೇನು?"

"ಇಲ್ಲ... ಇನ್ನ ಮ್ಯಾಲ ಎಲ್ಲಾ ನಾನೇ ನೋಡ್ಕೋತೀನಿ, ಆಗಬಹುದೇನು ಅಂತ ಕೇಳಿತ್ತು. ನಾ ಓದಲಾರದೇ ಹೂಂ ಅಂತ ಒತ್ತೀನಿ."

ಕಾಕಾ ರುಮಾಲು ಸರಿ ಮಾಡ್ಕೊಂಡು ಎದ್ರು.

"ಮನಿಗೆ ಬಂದು, ಕೇಳಿ, ಯಜಮಾನನ ಬಾಯಿಲೆ ಹೂಂ ಅನಿಸ್ಕೊಂಡು ಒಯ್ದಾಂವ ಕಳ್ಳ ಅಲ್ಲೋ ತಮ್ಮಾ, ಅಳಿಯ!"