ಹಡಗಿನಲ್ಲಿ ಅತ್ತೆ, ಅಳಿಯ

ಆಲೂರು ತಾಲೂಕು ಕಚೇರಿಯ ಜವಾನ ಸುಂಕಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಕೌತಾಳಂ ಬಸ್ಸಿನಲ್ಲಿ ಅತ್ತೆ ಮೂಕಮ್ಮ ವಾಂತಿ ಮಾಡಿಕೊಂಡದ್ದನ್ನು ಅವನು ಊರಿಗೆಲ್ಲ ನಟಿಸಿ ತೋರಿಸಿದ್ದ. ಆಕೆ ಏನೂ ಅನ್ನಲಿಲ್ಲ. ಆ ಮನೆತನದಲ್ಲಿ ಅತ್ತೆ, ಅಳಿಯ ಒಬ್ಬರೊಂದಿಗೊಬ್ಬರು ನೇರವಾಗಿ ಮಾತಾಡುವಂತಿರಲಿಲ್ಲ; ಏನಿದ್ದರೂ "ಹೇಳವ್ವ ನಿನ್ನ ಗಂಡಗ" ಎಂದು ಮಗಳ ಮೂಲಕವೇ. ಹನ್ನೆರಡು ವರ್ಷ ಸುಂಕಪ್ಪ ಈ ಪದ್ಧತಿಯ ನೆರಳಲ್ಲಿ ಹಾಯಾಗಿದ್ದ.

ಅಷ್ಟರಲ್ಲಿ ಭಾವಮೈದುನ ಎರ್ರಿಸ್ವಾಮಿಯ ಕಾಗದ ಬಂತು. ಜನ ನೋಡಲೆಂದು ನಿಲ್ಲಿಸಿದ ಹಳೆಯ ಯುದ್ಧದ ಹಡಗಿನಲ್ಲಿ ಅವನಿಗೆ ಅಡುಗೆ ಕೆಲಸ. ನೌಕರರ ಮನೆಯವರು ಒಂದು ರಾತ್ರಿ ಅಲ್ಲಿ ಮಲಗಬಹುದಂತೆ.

ಸುಂಕಪ್ಪ ತೊಟ್ಟಿಲು ತೂಗಿದರೂ ತಲೆ ತಿರುಗುವ ಆಸಾಮಿ. ಆದರೆ ಅತ್ತೆ ಆಗಲೇ ಬುತ್ತಿ ಕಟ್ಟಿದ್ದಳು. ಒಲ್ಲೆನೆಂದರೆ ಮಾನ ಹೋಗುತ್ತದೆ. ಹೋಗಿ ವಾಂತಿ ಮಾಡಿಕೊಂಡರೆ ಇನ್ನೂ ಹೋಗುತ್ತದೆ.

ಆದೋನಿಯಲ್ಲೊಂದು ರೈಲು, ಆಮೇಲೆ ಇನ್ನೊಂದು. ಸಂಜೆಗತ್ತಲಲ್ಲಿ ಹಡಗಿನ ಕಬ್ಬಿಣದ ಮೆಟ್ಟಿಲೇರುವಾಗ ಸುಂಕಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅಲೆಗಳ ಸದ್ದು ಕಿವಿಗೆ ಬಿದ್ದದ್ದೇ ತಡ, ಮೆಟ್ಟಿಲ ಕಂಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಬಾವಾ, ಮುಖ ಯಾಕ ಬೂದಿ ಆಗೈತಿ?" ಎಂದ ಎರ್ರಿಸ್ವಾಮಿ.

"ದೀಪದ ಬೆಳಕು ಹಂಗೈತಲೇ. ನೀ ಹೋಗಿ ನಿನ್ನ ಒಲಿ ನೋಡ್ಕ!"

ಹೆಂಡತಿ ಗಾದಿಲಿಂಗಮ್ಮ ಉಂಡವಳೇ ಕೆಳಗೆ ಹೋಗಿ ಗೊರಕೆ ಹೊಡೆದಳು. ಮೇಲೆ ಉಳಿದವರು ಅತ್ತೆ, ಅಳಿಯ, ನಡುವೆ ಒಂದು ದೊಡ್ಡ ಫಿರಂಗಿ. ಸುಂಕಪ್ಪ ರುಮಾಲು ಬಿಚ್ಚಿ ತನ್ನನ್ನು ಕಂಬಕ್ಕೆ ಬಿಗಿದುಕೊಂಡ. ನಿಂಬೆಹಣ್ಣು ಕಚ್ಚಿದ. ಮೂಕಮ್ಮ ಸೆರಗು ಮುಂದೆಳೆದು ಕೆಮ್ಮಿದಳು. ಬೆರಳಿನಿಂದ ಕೆಳಗೆ, ಕೆಳಗೆ ಎಂದು ತೋರಿಸಿದಳು.

'ಅಣಕಿಸ್ತಾಳ ಮುದುಕಿ' ಎಂದುಕೊಂಡು ಸುಂಕಪ್ಪ ಹಲ್ಲು ಕಡಿದ. ಹಲ್ಲು ಕಡಿದರೆ ನಿಲ್ಲುವ ಹೊಟ್ಟೆಯೇ ಅದು? ರುಮಾಲು ಕಿತ್ತುಕೊಂಡು ಓಡಿ, ಹಡಗಿನ ಅಂಚಿಗೆ ಬಾಗಿ, ಉಂಡದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದ.

ಸಮುದ್ರ ತೆಲುಗಿನಲ್ಲಿ ಬೈದಿತು: "ಎವಡ್ರಾ ಅದಿ? ಬುದ್ಧಿ ಲೇದಾ?"

ಯಾವನವನು, ಬುದ್ಧಿ ಇಲ್ಲವೇ ಎಂದು ಗಂಗಮ್ಮನೇ ಮುನಿದು ಕೇಳಿದಳೆಂದು ಸುಂಕಪ್ಪ ಕೈಮುಗಿದು, ಮತ್ತೆ ಕಂಬಕ್ಕೆ ಆತುಕೊಂಡು, ಬೆಳಗಾಗುವವರೆಗೆ ಹೊಯ್ದಾಡಿದ.

ಬೆಳಿಗ್ಗೆ ಗಾದಿಲಿಂಗಮ್ಮ ಆಕಳಿಸುತ್ತ ಮೇಲೆ ಬಂದಳು. ಮೂಕಮ್ಮ ಅದನ್ನೇ ಕಾಯುತ್ತಿದ್ದಳು.

"ಹೇಳವ್ವ ನಿನ್ನ ಗಂಡಗ. ಈ ಹಡಗ ನೀರಾಗ ಇಲ್ಲ. ದಂಡಿ ಮ್ಯಾಲೆ ಸಿಮೆಂಟ್ ಕಟ್ಟಿ ಕುಂದ್ರಿಸ್ಯಾರ. ನಿನ್ನ ತಮ್ಮ ನನಗ ರಾತ್ರಿನೇ ಹೇಳಿದ್ದ. ಕೆಳಗ ಕಾವಲಿನಾತ ಮಕ್ಕಂಡಿದ್ದ, ಪಾಪ."

ಸುಂಕಪ್ಪ ಬಗ್ಗಿ ನೋಡಿದ. ಕೆಳಗೆ ಒಣ ನೆಲ. ಕಾವಲುಗಾರ ಬೈಯುತ್ತ ಕಂಬಳಿ ಒಗೆಯುತ್ತಿದ್ದ. ಸಮುದ್ರ ಅತ್ತ ಒಂದು ಕೂಗಳತೆ ದೂರದಲ್ಲಿತ್ತು.

ಅವನ ನೆತ್ತಿಗೆ ಬೆಂಕಿ ಹತ್ತಿತು. ಹನ್ನೆರಡು ವರ್ಷದ ಪದ್ಧತಿ ಮರೆತು, ಅತ್ತೆಯ ಮುಖಕ್ಕೇ ಅರಚಿದ:

"ರಾತ್ರಿನೇ ಬಾಯ್ಬಿಟ್ಟು ಹೇಳಾಕ ಏನಾಗಿತ್ತು ನಿನಗ?"

ಗಾದಿಲಿಂಗಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಮೂಕಮ್ಮ ಮಾತ್ರ ನಿಧಾನವಾಗಿ ಸೆರಗು ಹಿಂದೆ ಸರಿಸಿದಳು. ಮೊದಲ ಸಲ ಅಳಿಯನನ್ನು ನೆಟ್ಟಗೆ ನೋಡಿದಳು.

"ಅಳಿಯ ತಾನಾಗಿ ಮಾತಾಡಿಸಿದ ಮ್ಯಾಲೆ ನಾ ಸುಮ್ಕಿದ್ರ ಮರ್ಯಾದಿ ಅಲ್ಲ" ಎಂದು ಫಿರಂಗಿಗೆ ಒರಗಿ ಕುಳಿತಳು. "ಕುಂದ್ರಪ್ಪ. ಹನ್ನೆರಡು ವರ್ಷದ್ದು ಐತಿ. ಲಗ್ನದ ದಿನದಿಂದ ಸುರು ಮಾಡ್ತೀನಿ."